ಹೊಲಿಗೆ ಕೋಣೆಯ ತೇವ: ಮಳೆಗಾಲಕ್ಕೊಂದು ಲೆಕ್ಕ, ಬೇಸಿಗೆಗೊಂದು ಲೆಕ್ಕ

ದಾವಣಗೆರೆಯ ಹೊಲಿಗೆ ಕೋಣೆಗೆ ವರ್ಷದಲ್ಲಿ ಎರಡು ಕಾಯಿಲೆ. ಮಳೆ ಹಿಡಿದ ತಿಂಗಳುಗಳಲ್ಲಿ ಬಟ್ಟೆಗೆ ಬೂಷ್ಟು, ಬಾಬಿನ್ ಕೇಸಿಗೆ ತುಕ್ಕು. ಮಾರ್ಚ್ ಬಂತೆಂದರೆ ಗಾಳಿ ಒಣಗಿ ಪಾಲಿಸ್ಟರ್ ಬಟ್ಟೆ ಕೈಗೂ ಟೇಬಲ್ಲಿಗೂ ಅಂಟಿಕೊಳ್ಳುತ್ತದೆ, ಹತ್ತಿ ದಾರ ಪದೇ ಪದೇ ತುಂಡಾಗುತ್ತದೆ. ಹತ್ತಿಗೆ ಸ್ವಲ್ಪ ತೇವವಿದ್ದರೇ ಗಟ್ಟಿ. ಹತ್ತಿ ಗಿರಣಿಗಳಲ್ಲಿ ಬೇಕೆಂದೇ ಗಾಳಿಗೆ ತೇವ ಬಿಡುವುದು ಇದಕ್ಕೇ.

ಮೊದಲು ಒಂದು ಡಿಜಿಟಲ್ ಹೈಗ್ರೋಮೀಟರ್, ಅಂದರೆ ಗಾಳಿಯ ತೇವವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಮೀಟರ್, ತನ್ನಿ. ಅದನ್ನು ನಂಬುವ ಮುಂಚೆ ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಪುಡಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಚಿಮುಕಿಸಿ. ಮೇಲೆ ನೀರು ನಿಂತರೆ ಲೆಕ್ಕ ತಪ್ಪುತ್ತದೆ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದರೆ ಆ ಮೀಟರಿನಲ್ಲಿ ಯಾವಾಗಲೂ 5 ಕಳೆದು ಓದಿ. ಕೋಣೆಯಲ್ಲಿ 45ರಿಂದ 60 ಇದ್ದರೆ ಚೆನ್ನ. 70 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಬರುತ್ತದೆ. ಮೀಟರನ್ನು ಬೀರುವಿನ ಒಳಗೂ ಒಂದು ದಿನ ಇಟ್ಟು ನೋಡಿ. ಹೊರಗೆ 60 ಇರುವಾಗ ಹೊರಗೋಡೆಗೆ ಒತ್ತಿದ ಬೀರುವಿನೊಳಗೆ ಅದಕ್ಕಿಂತ ಹೆಚ್ಚಿರಬಹುದು. ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಎಳೆಯಿರಿ.

ತೇವ ಗೋಡೆಯದೋ ಗಾಳಿಯದೋ ತಿಳಿಯಲು, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಎರಡು ದಿನದ ಮೇಲೆ ಗೋಡೆಯ ಕಡೆ ಹನಿ ಕಂಡರೆ ಗೋಡೆಯೇ ಜಿನುಗುತ್ತಿದೆ. ಅದಕ್ಕೆ ತಾರಸಿ, ಪೈಪು, ಪ್ಲಾಸ್ಟರ್ ದುರಸ್ತಿಯೇ ಮದ್ದು. ಬೇರೆ ಏನು ಮಾಡಿದರೂ ದುಡ್ಡು ದಂಡ. ಹಾಳೆಯ ಹೊರಮೈಯಲ್ಲಿ ಹನಿ ಇದ್ದರೆ ಗಾಳಿಯ ತೇವ. ಆಗ ಒಗೆದ ಬಟ್ಟೆ ಆ ಕೋಣೆಯಲ್ಲಿ ಹರವುವುದನ್ನು ನಿಲ್ಲಿಸಿ, ಸ್ಟೀಮ್ ಇಸ್ತ್ರಿ ಹಾಕುವಾಗ ಎಕ್ಸಾಸ್ಟ್ ಫ್ಯಾನ್ ಓಡಿಸಿ. ಮಳೆಗಾಲದಲ್ಲಿ ಕೂಲರ್ ಬೇಕಾದರೆ ಪಂಪ್ ಆಫ್ ಮಾಡಿ, ಬರೀ ಫ್ಯಾನ್ ಇರಲಿ.

ಕೋಣೆಯ ಮೂಲೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಪೊಟ್ಟಣ ತೂಗುಹಾಕಿದರೆ ಏನೂ ಆಗುವುದಿಲ್ಲ. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ 28 ಘನ ಮೀಟರ್ ಗಾಳಿ. 25 ಡಿಗ್ರಿ ಬಿಸಿಯಲ್ಲಿ ತೇವವನ್ನು 80ರಿಂದ 55ಕ್ಕೆ ಇಳಿಸಲು ಗಾಳಿಯಿಂದಲೇ ಸುಮಾರು 160 ಗ್ರಾಂ ನೀರು ತೆಗೆಯಬೇಕು. 100 ಗ್ರಾಂ ಜೆಲ್ ಹೀರುವುದು 20-25 ಗ್ರಾಂ. ಮುಕ್ಕಾಲು ಕೆಜಿ ಇಟ್ಟರೂ ಬಾಗಿಲು ತೆರೆದೊಡನೆ ಮತ್ತೆ ಮೊದಲಿನಂತೆಯೇ. ಅದರ ಜಾಗ ಮುಚ್ಚಿದ ಡಬ್ಬಿ: 50 ಲೀಟರ್ ಡಬ್ಬಿಗೆ 100 ಗ್ರಾಂ ಸಾಕು. ಬಣ್ಣ ಬದಲಾದಾಗ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಓವನ್‌ಗೆ ಬೇಡ. ಕಿತ್ತಳೆ ಬಣ್ಣದ್ದು ಕೊಳ್ಳಿ. ನುಸಿ ಗುಳಿಗೆ ತೇವ ಹೀರುವುದಿಲ್ಲ. ಇಡೀ ಕೋಣೆಗೇ ಬೇಕಾದರೆ ಎಸಿಯ ಡ್ರೈ ಮೋಡ್ ಅಥವಾ ಗಾಳಿಯ ತೇವ ತೆಗೆಯುವ ಯಂತ್ರ (ಡಿಹ್ಯುಮಿಡಿಫೈಯರ್), ಕಿಟಕಿ ಮುಚ್ಚಿಕೊಂಡು.

ಗಿರಾಕಿಯ ಮೊಳಕಾಲ್ಮೂರು ಸೀರೆಯೋ ಜರಿಯ ರವಿಕೆಯೋ ಬಂದರೆ ಪ್ಲಾಸ್ಟಿಕ್ ಕವರ್‌ನಿಂದ ತೆಗೆದು, ತೊಳೆದು ಒಣಗಿಸಿದ ಹಳೆಯ ಮಲ್ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್‌ನೊಳಗೆ ತೇವ ಸಿಕ್ಕಿಕೊಂಡರೆ ಜರಿ ಕಪ್ಪಾಗುತ್ತದೆ.

ಮಿಷನ್‌ನಲ್ಲಿ ತುಕ್ಕು ಹಿಡಿಯುವುದು ಕಾಣದ ಜಾಗದಲ್ಲಿ. ಸೂಜಿ ಕೆಳಗಿನ ಪ್ಲೇಟ್ ಬಿಚ್ಚಿ ನೋಡಿ: ಬಟ್ಟೆ ತಳ್ಳುವ ಹಲ್ಲುಗಳ ಸಂದಿಯಲ್ಲಿ ನಾರಿನ ಪುಡಿ ಒತ್ತಿ ಕೂತು ತೆಳು ಬಿಲ್ಲೆಯಂತಾಗಿರುತ್ತದೆ. ಅದೇ ತೇವ ಹಿಡಿದಿಡುವುದು. ಬ್ರಷ್‌ನಿಂದ ತೆಗೆಯಿರಿ, ಊದಬೇಡಿ, ಉಸಿರಿನಲ್ಲೂ ತೇವವಿದೆ. ಶಟಲ್ ಓಡುವ ಜಾಡಿಗೆ ಒಂದೇ ಹನಿ ಮಿಷನ್ ಎಣ್ಣೆ, ಆಮೇಲೆ ಚಿಂದಿ ಬಟ್ಟೆಯ ಮೇಲೆ ಎರಡು ನಿಮಿಷ ಹೊಲಿಗೆ. ಹೊದಿಕೆ ಹತ್ತಿ ಬಟ್ಟೆಯದಿರಲಿ.

ಬೇಸಿಗೆಯಲ್ಲಿ ಮೀಟರ್ 35ಕ್ಕಿಂತ ಕೆಳಗಿಳಿದರೆ ಬೆಳಿಗ್ಗೆ ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಧ್ಯಾಹ್ನ ಕೂಲರ್ ಹಾಕಿ, 50 ಮುಟ್ಟಿದಾಗ ಪಂಪ್ ನಿಲ್ಲಿಸಿ. ಚಿತ್ರದುರ್ಗದ ಕಡೆ ಒಣಗಾಳಿಯ ಜತೆ ಧೂಳೂ ಬರುವುದರಿಂದ ಕಿಟಕಿಗೆ ಒದ್ದೆ ಪರದೆ ಬಿಟ್ಟರೆ ಎರಡಕ್ಕೂ ಆಯಿತು.

ಕಾಲು ಮಿಷನ್ನಿನ ಚರ್ಮದ ಬೆಲ್ಟ್ ಮಳೆಗಾಲದಲ್ಲಿ ಹಿಗ್ಗಿ ಜಾರುತ್ತದೆ. ಆಗಲೇ ಅರ್ಧ ಇಂಚು ಕತ್ತರಿಸಿಬಿಡಬೇಡಿ. ಕೋಣೆಯನ್ನು ಒಂದು ವಾರ 55ಕ್ಕೆ ಹಿಡಿದು ನೋಡಿ, ಆಮೇಲೂ ಜಾರಿದರೆ ಕಾಲು ಇಂಚು ಮಾತ್ರ. ಜಾಸ್ತಿ ಕತ್ತರಿಸಿದ ಬೆಲ್ಟ್ ಮಾರ್ಚ್‌ನಲ್ಲಿ ಬಿಗಿದು ಪೆಡಲ್ ಭಾರವಾಗುತ್ತದೆ.