ಮಂಡಕ್ಕಿ ತಿನ್ನುವ ಕೈ ನಿಲ್ಲುವ ಕ್ಷಣ

ಮನೆಯಲ್ಲಿ ನಾಲ್ಕು ಜನರಿಗೆ ಸಿನಿಮಾ ಹಾಕಿ, ನೋಡುವವರನ್ನೇ ನೀವು ನೋಡಬೇಕೆಂದಿದ್ದರೆ, ಮೊದಲನೆಯದಾಗಿ ಅವರಿಗೆ ಮಂಡಕ್ಕಿಯನ್ನು ಮಿರ್ಚಿಯಿಲ್ಲದೆ ಕೊಡಿ. ದಾವಣಗೆರೆಯಲ್ಲಿ ಹೀಗೆ ಹೇಳುವುದು ಅಪಚಾರವೆಂದು ಗೊತ್ತು. ಆದರೆ ಬಿಸಿ ಮಿರ್ಚಿ ಕೈಯಲ್ಲಿದ್ದರೆ ಮನುಷ್ಯನ ಗಮನವೆಲ್ಲ ನಾಲಗೆಯ ಮೇಲಿರುತ್ತದೆ. ಬರೀ ಒಗ್ಗರಣೆ ಮಂಡಕ್ಕಿಯಾದರೆ ಕೈ ತನ್ನ ಪಾಡಿಗೆ ತಟ್ಟೆಯಿಂದ ಬಾಯಿಗೆ ಓಡಾಡುತ್ತಿರುತ್ತದೆ. ಆ ಕೈ ಎಲ್ಲಿ ನಿಂತಿತು ಎಂಬುದನ್ನು ಬರೆದುಕೊಳ್ಳುವುದೇ ನಮ್ಮ ಕೆಲಸ.

ನಾನು 1981ರಲ್ಲಿ ಚಿತ್ರಮಂದಿರದ ಆಪರೇಟರ್ ಆದವನು. ಕಾರ್ಬನ್ ಕಡ್ಡಿ ಉರಿಸುವ ಯಂತ್ರದಿಂದ ಹಿಡಿದು ಡಿಜಿಟಲ್ ಪೆಟ್ಟಿಗೆ ಬರುವವರೆಗೆ ಗೋಡೆಯ ಚೌಕ ಕಿಂಡಿಯಲ್ಲಿ ಇಣುಕಿದೆ. ಕಂಡದ್ದು ಜನರ ಹಿಂದಲೆ ಮಾತ್ರ. ಚಪ್ಪಾಳೆ ಕೇಳುತ್ತಿತ್ತು, ಹೊಡೆದವರು ಯಾರೆಂದು ತಿಳಿಯುತ್ತಿರಲಿಲ್ಲ. ಅಷ್ಟು ವರ್ಷ ತೋರಿಸಿದವನಿಗೆ ನೋಡಿದವರ ಮುಖವೇ ಕಾಣಲಿಲ್ಲವಲ್ಲ ಎಂಬ ಕೊರತೆ ಉಳಿದುಬಿಟ್ಟಿತು. ಈಗ ತಿಂಗಳಿಗೊಂದು ಭಾನುವಾರ ವಿನೋಬನಗರದ ನಮ್ಮ ನಡುಮನೆಯಲ್ಲಿ ಎಂಟು ಹತ್ತು ಮಂದಿಯನ್ನು ಕೂರಿಸಿ ಹಳೆಯ ಚಿತ್ರ ಹಾಕುತ್ತೇನೆ. ಚಿತ್ರ ಅವರು ನೋಡುತ್ತಾರೆ, ನಾನು ಅವರನ್ನು ನೋಡುತ್ತೇನೆ.

ಇದಕ್ಕೆ ಅತ್ಯುತ್ತಮವಾದ ದೃಶ್ಯ 1973ರ ‘ಮ್ಯಾಗ್ನಮ್ ಫೋರ್ಸ್’ ಚಿತ್ರದ ಆರಂಭದಲ್ಲಿದೆ. ಟೆಡ್ ಪೋಸ್ಟ್ ನಿರ್ದೇಶನ, ಕ್ಲಿಂಟ್ ಈಸ್ಟ್‌ವುಡ್ ನಾಯಕ, ಊರು ಸ್ಯಾನ್ ಫ್ರಾನ್ಸಿಸ್ಕೊ. ಕೊಲೆ ಆರೋಪದಿಂದ ಖುಲಾಸೆಯಾದ ರಿಕಾ ಎಂಬ ಪಾತಕಿ ನ್ಯಾಯಾಲಯದಿಂದ ಹೊರಬರುತ್ತಾನೆ. ಹೊರಗೆ ಜನ ಕೂಗಾಡುತ್ತಿದ್ದಾರೆ. ತನ್ನವರೊಂದಿಗೆ ಕಾರು ಹತ್ತಿ ಹೊರಡುತ್ತಾನೆ. ದಾರಿಯಲ್ಲಿ ಮೋಟಾರ್‌ಸೈಕಲ್ ಮೇಲೆ ಬಂದ ಸಂಚಾರ ಪೊಲೀಸ್ ಕಾರು ನಿಲ್ಲಿಸುತ್ತಾನೆ. ಹೆಲ್ಮೆಟ್ಟು, ಕಪ್ಪು ಕನ್ನಡಕ, ಮುಖ ಗುರುತಾಗದು. ಮಾತು ತೀರಾ ಸಭ್ಯ. ಆಮೇಲೆ ಪಿಸ್ತೂಲು ತೆಗೆದು ಒಳಗಿದ್ದವರನ್ನೆಲ್ಲ ಕೊಲ್ಲುತ್ತಾನೆ, ಬಂದಷ್ಟೇ ನಿಧಾನವಾಗಿ ಹೊರಟುಹೋಗುತ್ತಾನೆ. ಮಕ್ಕಳನ್ನು ಕೂರಿಸಬೇಡಿ.

ದೃಶ್ಯವನ್ನು ಕಾರಿನಿಂದ ಶುರು ಮಾಡುವುದು ದೊಡ್ಡ ತಪ್ಪು. ಮೊದಲ ಸಲ ನಾನೇ ಆ ತಪ್ಪು ಮಾಡಿದೆ. ಕಾರು ನಿಂತಲ್ಲಿಂದ ತೋರಿಸಿದಾಗ ಎಲ್ಲರೂ ಬೆಚ್ಚಿದರು, ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಮುಂದಿನ ತಿಂಗಳು ಬೇರೆ ಮಂದಿಗೆ ನ್ಯಾಯಾಲಯದ ಬಾಗಿಲಿನಿಂದ ತೋರಿಸಿದೆ. ಮೊದಲ ಗುಂಡಿಗೇ ಎರಡು ಕಡೆಯಿಂದ ಚಪ್ಪಾಳೆ ಬಂತು. ಗುಂಡು ಅದೇ, ಸತ್ತವರು ಅವರೇ. ನಡುವೆ ಇದ್ದದ್ದು ಜನರ ಆ ಕೂಗಾಟ ಮಾತ್ರ. ಸಾಧ್ಯವಾದರೆ ನೀವೂ ಎರಡು ಗುಂಪುಗಳಿಗೆ ಎರಡು ಬಗೆಯಲ್ಲಿ ತೋರಿಸಿ.

ಟಿವಿಯಲ್ಲಿ ಹಾಕುವವರಿಗೆ ಒಂದು ಮಾತು. ಇದು ಸ್ಕೋಪ್ ಚಿತ್ರ, ಅಂದರೆ ಟಿವಿಗಿಂತ ಅಗಲವಾದ ಪರದೆಗೆಂದು ತೆಗೆದದ್ದು. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಪಟ್ಟಿ ಕಂಡ ಕೂಡಲೇ ರಿಮೋಟ್ ಹಿಡಿದು ಚಿತ್ರವನ್ನು ಹಿಗ್ಗಿಸುವ ಮಹಾನುಭಾವರು ಪ್ರತಿ ಮನೆಯಲ್ಲೂ ಇರುತ್ತಾರೆ. ಹಿಗ್ಗಿಸಿದರೆ ಎಡಬಲ ಕತ್ತರಿಸಿಹೋಗುತ್ತದೆ. ರಿಮೋಟನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಧ್ವನಿಯನ್ನು ಗುಂಡಿನ ಸದ್ದಿಗಲ್ಲ, ಪೊಲೀಸಿನವನ ಮೆಲುಮಾತಿಗೆ ಹೊಂದಿಸಿ. ಇಂಗ್ಲಿಷ್ ಬಾರದವರಿಗೆ ಕಥೆಯನ್ನು ಮೊದಲೇ ಎರಡು ವಾಕ್ಯದಲ್ಲಿ ಹೇಳಿಬಿಡಿ; ನಡುವೆ ಅನುವಾದ ಮಾಡುತ್ತಾ ಕೂತರೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ.

ನೀವು ಕೂರಬೇಕಾದದ್ದು ಪರದೆಯ ಪಕ್ಕ, ಗೋಡೆಗೆ ಒರಗಿ, ಪ್ರೇಕ್ಷಕರ ಕಡೆ ಮುಖ ಮಾಡಿ. ಪರದೆಯ ಬೆಳಕೇ ಅವರ ಮುಖಕ್ಕೆ ದೀಪ. ಮೊಬೈಲಿನಲ್ಲಿ ಚಿತ್ರೀಕರಿಸಲು ಹೋಗಬೇಡಿ. ತನ್ನನ್ನು ಚಿತ್ರೀಕರಿಸುತ್ತಿದ್ದಾರೆಂದು ಗೊತ್ತಾದವನು ಪ್ರೇಕ್ಷಕನಲ್ಲ, ನಟ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಕ್ಕೆ ಸಮಯ, ಬಲಕ್ಕೆ ಕಂಡದ್ದು. ‘ಬೇಸರಗೊಂಡರು’, ‘ಮೆಚ್ಚಿದರು’ ಎಂದೆಲ್ಲ ಬರೆಯಬೇಡಿ, ಅದು ನಿಮ್ಮ ಊಹೆ. ‘ಕೈ ನಿಂತಿತು’, ‘ಸೆರಗು ಬಾಯಿಗೆ ಹೋಯಿತು’, ‘ಪಕ್ಕದವರನ್ನು ನೋಡಿದರು’ ಎಂದು ಬರೆಯಿರಿ.

ನನ್ನ ನೋಟ್‌ಬುಕ್ಕಿನ ಆ ಪುಟ ಹೀಗಿದೆ. ಪೊಲೀಸಿನವನು ಮೋಟಾರ್‌ಸೈಕಲ್ ಇಳಿದು ನಡೆದು ಬರುವಾಗ ನನ್ನ ಹೆಂಡತಿಯ ಕೈ ನಿಂತಿತು. ಇನ್ನೂ ಏನೂ ಆಗಿರಲಿಲ್ಲ. ಹತ್ತಿಗಿರಣಿಯಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯ ಹಿರಿಯರು ಮೊದಲ ಗುಂಡಿಗೆ ಚಪ್ಪಾಳೆ ಹೊಡೆದರು, ಎರಡನೆಯದಕ್ಕೂ ಹೊಡೆದರು. ಮೂರನೆಯದಕ್ಕೆ ಅಂಗೈಗಳು ಒಂದರ ಹತ್ತಿರ ಒಂದು ಬಂದು, ತಾಗದೆ, ಮೆಲ್ಲಗೆ ತೊಡೆಯ ಮೇಲೆ ಇಳಿದವು. ಅವರ ಮಗ್ಗುಲಲ್ಲಿದ್ದ ಕಾನೂನು ವಿದ್ಯಾರ್ಥಿನಿ ಕಾರಿನತ್ತ ನೋಡಲೇ ಇಲ್ಲ, ಆ ಅಂಗೈಗಳನ್ನೇ ನೋಡುತ್ತಿದ್ದಳು. ಕಿಂಡಿಯಲ್ಲಿ ಇಣುಕಿದ ಅಷ್ಟೂ ವರ್ಷಗಳಲ್ಲಿ ನನಗೆ ಇಂಥದ್ದೊಂದು ಕಂಡಿರಲಿಲ್ಲ.

ದೃಶ್ಯ ಮುಗಿದ ಕೂಡಲೇ ಚಿತ್ರ ನಿಲ್ಲಿಸಬೇಡಿ. ನಾಯಕ ಪೊಲೀಸ್ ಅಧಿಕಾರಿ ಹ್ಯಾರಿ ಬರುವವರೆಗೆ ಓಡಲಿ, ಉಸಿರು ಹದಕ್ಕೆ ಬರಲಿ. ಆಮೇಲೆ ಕೇಳುವ ಮೊದಲ ಪ್ರಶ್ನೆ ‘ಸರಿಯೋ ತಪ್ಪೋ’ ಎಂದಿರಬಾರದು. ಹಾಗೆ ಕೇಳಿದಿರೋ, ಚಹಾ ಬರುವಷ್ಟರಲ್ಲಿ ಎಲ್ಲರೂ ನ್ಯಾಯಾಧೀಶರಾಗಿರುತ್ತಾರೆ. ‘ಏನು ನೋಡಿದಿರಿ’ ಎಂದು ಕೇಳಿ.

ಕರೆಯುವವರಲ್ಲಿ ವಾಹನ ತಡೆದು ನಿಲ್ಲಿಸಿದ ಅನುಭವವಿರುವ ಒಬ್ಬರಾದರೂ ಇರಲಿ. ನಮ್ಮಲ್ಲಿ ಬರುವವರು ಸಂಚಾರ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು. ಅಶೋಕ ಟಾಕೀಸಿನ ರೈಲ್ವೆ ಗೇಟಿನ ಹತ್ತಿರ ಬಿಸಿಲಲ್ಲಿ ನಿಂತು ಸುಸ್ತಾದವರು. ಗೇಟು ಬಿದ್ದಾಗ ಅಲ್ಲಿ ನಿಲ್ಲುತ್ತಿದ್ದ ವಾಹನಗಳ ಸಾಲು ಕಂಡವರಿಗೆ ಅವರ ತಾಳ್ಮೆ ಎಂಥದ್ದೆಂದು ವಿವರಿಸಬೇಕಿಲ್ಲ. ಅವರು ಹೇಳಿದ್ದು: “ಯಜಮಾನರೇ, ನಾನಾಗಿದ್ದರೆ ಮೊದಲು ಗಾಡಿಯ ಕೀಲಿ ತೆಗೆದುಕೊಳ್ಳುತ್ತಿದ್ದೆ. ಈತ ಕೀಲಿ ಕೇಳಲಿಲ್ಲ. ಆಗಲೇ ನನಗೆ ಅನುಮಾನ ಬಂತು.” ಎಲ್ಲರೂ ನಕ್ಕರು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಸಮವಸ್ತ್ರ ಕಂಡು ಅವರು ಸುಮ್ಮನೆ ಗಾಜು ಇಳಿಸಿದರು ನೋಡಿ” ಎಂದರು. ವಿದ್ಯಾರ್ಥಿನಿ ಏನನ್ನೂ ಹೇಳದೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅದನ್ನೂ ಬರೆದುಕೊಂಡೆ.

ಕಥೆ ಗೊತ್ತಿಲ್ಲದವರು ಈ ಪ್ಯಾರಾ ಬಿಟ್ಟು ಓದಿ. ಕೊಲ್ಲುತ್ತಿರುವವರು ಇಲಾಖೆಯೊಳಗಿನ ಯುವ ಸಂಚಾರ ಪೊಲೀಸರ ಒಂದು ತಂಡವೆಂದು ಮುಂದೆ ತಿಳಿಯುತ್ತದೆ, ಹ್ಯಾರಿ ಅವರ ವಿರುದ್ಧ ನಿಲ್ಲುತ್ತಾನೆ. ಇದೇ ಹ್ಯಾರಿಯ ಸರಣಿಯ ಮೊದಲ ಚಿತ್ರ, 1971ರ ‘ಡರ್ಟಿ ಹ್ಯಾರಿ’ಯನ್ನು ಕೆಲವು ವಿಮರ್ಶಕರು ಫ್ಯಾಸಿಸ್ಟ್ ಎಂದು ಜರಿದಿದ್ದರು; ಈ ಎರಡನೆಯದು ಅವರಿಗೆ ಕೊಟ್ಟ ಉತ್ತರದಂತಿದೆ. ಉತ್ತರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಚಪ್ಪಾಳೆ ಹೊಡೆಸಿ ಟಿಕೆಟ್ಟಿನ ದುಡ್ಡು ಎಣಿಸಿಕೊಂಡು, ಕೊನೆಗೆ ಹೊಡೆದವರನ್ನೇ ಗದರಿಸುವ ಜಾಣತನ ಇದರಲ್ಲಿದೆ. ಅದೇನೇ ಇರಲಿ, ಪೂರ್ತಿ ಚಿತ್ರ ಮುಗಿದ ಮೇಲೆ ಇನ್ನೊಮ್ಮೆ ಕೇಳುವುದನ್ನು ಮರೆಯಬೇಡಿ. ಉತ್ತರಗಳು ಬದಲಾಗಿರುತ್ತವೆ, ನಿಮ್ಮ ಪುಟ ಬದಲಾಗಿರುವುದಿಲ್ಲ.

ನಾನೂ ಕೇಳಿದೆ. ಗಿರಣಿಯ ಹಿರಿಯರು ಖಡಾಖಂಡಿತವಾಗಿ, “ನಾನು ಚಪ್ಪಾಳೆ ಹೊಡೆಯಲೇ ಇಲ್ಲವಲ್ಲಪ್ಪ” ಎಂದರು. ನೋಟ್‌ಬುಕ್ ತೆರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಅದು ಸೊಳ್ಳೆ” ಎಂದರು.

ಅಂದಿನಿಂದ ಸಂಜೆ ಆರಕ್ಕೇ ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚಿಡುತ್ತೇನೆ. ನೀವೂ ಹಚ್ಚಿಡಿ.