ಡಿಕ್ಲೇರ್ ಮಾಡುವ ಮುನ್ನ ನಾನು ಹಾಕುವ ಲೆಕ್ಕ

ಡಿಕ್ಲೇರ್ ಎಂದರೆ ಹತ್ತು ವಿಕೆಟ್ ಬೀಳುವ ಮೊದಲೇ ನಾಯಕ ತನ್ನ ತಂಡದ ಇನಿಂಗ್ಸ್ ಮುಗಿಸಿ ಎದುರಾಳಿಗೆ ಬ್ಯಾಟಿಂಗ್ ಬಿಡುವುದು. ಅದಕ್ಕೆ ಎಷ್ಟು ರನ್ ಸಾಕು ಎಂದು ಎಲ್ಲರೂ ಕೇಳುತ್ತಾರೆ. ನಾನು ಮೊದಲು ಎಣಿಸುವುದು ಓವರ್. ಮೂರು ದಿನದ ಲೀಗ್ ಪಂದ್ಯದಲ್ಲೂ ಇದೇ ರೀತಿ, ಅಂಕಿ ಮಾತ್ರ ಬೇರೆ.

ಟೆಸ್ಟ್‌ನ ನಾಲ್ಕನೇ ದಿನ, ಟೀ ಹೊತ್ತು, ಮುನ್ನಡೆ 340 ಎಂದಿಟ್ಟುಕೊಳ್ಳಿ. ಇವತ್ತಿನ 30, ನಾಳೆಯ 90, ಒಟ್ಟು 120 ಓವರ್. ಟೀಗೇ ಮುಗಿಸಿದರೆ ಇನಿಂಗ್ಸ್ ಬದಲಾವಣೆಯ 10 ನಿಮಿಷ ವಿರಾಮದಲ್ಲೇ ಕರಗುತ್ತದೆ. 80 ಓವರ್ ಆದಮೇಲೆ ಎರಡನೇ ಹೊಸ ಚೆಂಡು, ಅದಕ್ಕೆ 40 ಓವರ್ ಉಳಿಯುತ್ತದೆ. ಇನ್ನೊಂದು ಗಂಟೆ ಆಡಿ ಅರವತ್ತು ರನ್ ಸೇರಿಸಿದರೆ ಆಟಕ್ಕೆ 15 ಓವರ್, ಬದಲಾವಣೆಗೆ 2 ಹೋಯಿತು. ಉಳಿದದ್ದು 103, ಹೊಸ ಚೆಂಡಿಗೆ 23 ಮಾತ್ರ. ನಾಲ್ವರು ವೇಗಿಗಳನ್ನೇ ನಂಬಿದ್ದರೆ ಓವರ್‌ಗಳು ನಿಧಾನವಾಗಿ ಸಾಗುವುದರಿಂದ ಅಷ್ಟೂ ಸಿಗುವುದು ಅನುಮಾನ.

ಹಾಗಂತ ಆ ಅರವತ್ತು ರನ್ ದಂಡವಲ್ಲ. ಗುರಿ 400 ದಾಟಿದ್ದರೆ ಎದುರಾಳಿ ನಾಲ್ಕು ಬೌಂಡರಿ ಬಾರಿಸಿದ ಮಾತ್ರಕ್ಕೆ ಕ್ಯಾಚಿಗೆಂದು ಹತ್ತಿರ ನಿಲ್ಲಿಸಿದ ಸ್ಲಿಪ್, ಶಾರ್ಟ್ ಲೆಗ್ ಫೀಲ್ಡರ್‌ಗಳನ್ನು ತೆಗೆಯಬೇಕಾಗಿಲ್ಲ. ಚೆಂಡು ತಿರುಗುತ್ತಿದ್ದರೆ ನಾನು ಟೀಗೇ ಡಿಕ್ಲೇರ್ ಮಾಡುತ್ತೇನೆ. ಪಿಚ್ ಸಪ್ಪೆಯಾಗಿದ್ದರೆ ಪೇಚು: ರನ್ನೂ ಹೆಚ್ಚು ಬೇಕು, ಓವರೂ ಹೆಚ್ಚು ಬೇಕು. ಅದಕ್ಕೇ ಅಂಥ ಕಡೆ ಮೂರನೇ ದಿನವೇ ಬೇಗ ರನ್ ಕೂಡಿಸಬೇಕು. 2021ರ ಸಿಡ್ನಿಯಲ್ಲಿ ಆಸ್ಟ್ರೇಲಿಯಾ 407ರ ಗುರಿ ಕೊಟ್ಟು 131 ಓವರ್ ಎಸೆದರೂ ಭಾರತದ ಐದೇ ವಿಕೆಟ್ ಬಿತ್ತು. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವೆಸ್ಟ್ ಇಂಡೀಸ್ ನಾಯಕ ಲಾಯ್ಡ್ ಭಾರತಕ್ಕೆ 403ರ ಗುರಿ ಕೊಟ್ಟು ಮೂವರು ಸ್ಪಿನ್ನರ್‌ಗಳನ್ನು ನೆಚ್ಚಿಕೊಂಡರು. ಗಾವಸ್ಕರ್ 102, ನಮ್ಮ ವಿಶ್ವನಾಥ್ 112. ಆರು ವಿಕೆಟ್ ಕೈಲಿದ್ದಾಗಲೇ ಭಾರತ ಗೆದ್ದಿತು. ಗುರಿ ಎಷ್ಟೇ ಇರಲಿ, ಹತ್ತು ವಿಕೆಟ್ ಕೀಳುವವರು ಯಾರು ಎಂಬುದಕ್ಕೆ ಹೆಸರು ಹಿಡಿದು ಉತ್ತರ ಇರಬೇಕು.

ಸಂಜೆ ಎಂಟು ಓವರ್ ಇರುವಾಗ ಡಿಕ್ಲೇರ್ ಮಾಡಿದರೆ ಎದುರಾಳಿಯ ಆರಂಭಿಕರು ಅದೇ ಹೊಸ ಚೆಂಡನ್ನು ಎರಡು ಸಲ, ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಎದುರಿಸಬೇಕು. ಆದರೆ ಚಳಿಗಾಲದ ಕೋಲ್ಕತ್ತದಂಥ ಕಡೆ ಬೆಳಕು ಬೇಗ ಕುಂದುತ್ತದೆ, ವೇಗಿಗಳಿಗೆ ಚೆಂಡು ಕೊಡುವಂತಿಲ್ಲ ಎಂದಾಗುತ್ತದೆ. ಅಲ್ಲಿ ಅರ್ಧ ಗಂಟೆ ಮೊದಲೇ ಮುಗಿಸುವುದು ಲೇಸು. ಹೊಸ ಚೆಂಡು ಹಿಡಿಯುವವನನ್ನು ಕೊನೆಯ ಹತ್ತು ನಿಮಿಷ ಬ್ಯಾಟಿಂಗಿಗೆ ಕಳಿಸಲೂಬಾರದು. ಅವನು ಪ್ಯಾಡ್ ಬಿಚ್ಚಿ ಮೈ ಬಿಸಿ ಮಾಡಿಕೊಳ್ಳುವಷ್ಟರಲ್ಲಿ ಮೊದಲ ಎರಡು ಓವರ್ ಹಾಳು.

ಕ್ರೀಸ್‌ನಲ್ಲಿ ಇರುವವರಿಗೆ ‘ಬೇಗ ಆಡಿ’ ಎಂದರೆ ಸಾಲದು, ‘ಇನ್ನು ಆರು ಓವರ್’ ಎಂದು ಡ್ರಿಂಕ್ಸ್‌ನಲ್ಲೇ ಹೇಳಿಕಳಿಸಬೇಕು. 2004ರ ಮುಲ್ತಾನ್‌ನಲ್ಲಿ ತೆಂಡೂಲ್ಕರ್ 194ರಲ್ಲಿದ್ದಾಗ ನಾಯಕರಾಗಿದ್ದ ದ್ರಾವಿಡ್ ಡಿಕ್ಲೇರ್ ಮಾಡಿದರು. ಭಾರತ ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದರೂ ತೆಂಡೂಲ್ಕರ್‌ಗೆ ಇನ್ನೂರು ಮುಟ್ಟಲು ಬಿಡಬೇಕಿತ್ತೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನನ್ನ ಮತ ದ್ರಾವಿಡ್ ಕಡೆಗೇ.

ಬಾಲ್ಕನಿಯಿಂದ ಕೈ ಬೀಸಿದೊಡನೆ ಅಂಪೈರ್‌ಗೂ ಎದುರಾಳಿ ನಾಯಕನಿಗೂ ತಿಳಿಸಬೇಕು. ಆ ನಾಯಕನಿಗೆ ತನ್ನ ಇನಿಂಗ್ಸ್‌ಗೆ ಮೊದಲು ಪಿಚ್ ಮೇಲೆ 7 ನಿಮಿಷ ರೋಲರ್ ಹೊಡೆಸುವ ಹಕ್ಕಿದೆ. ತಡವಾಗಿ ಹೇಳಿದರೆ ಅದಕ್ಕೆ ಬೇಕಾದ ಹೆಚ್ಚಿನ ಸಮಯ ಆಟದ ಹೊತ್ತಿನಲ್ಲೇ ಕಡಿತವಾಗುತ್ತದೆ, ಅಂದರೆ ನಮ್ಮ ಓವರ್‌ಗಳಲ್ಲೇ.