ತೀರ್ಥಹಳ್ಳಿಯನ್ನು ಕತ್ತರಿಸಿದ ನನ್ನ ಕೋಡ್

ಕಳೆದ ವಾರ ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಏನೋ ಹುಡುಕುವಾಗ 'ಮಂಡಿ ಫೈನಲ್ 2' ಅನ್ನೋ ಫೋಲ್ಡರ್ ಸಿಕ್ಕಿತು. 2009ರಲ್ಲಿ, ಡಿಗ್ರಿ ಕೊನೇ ವರ್ಷದಲ್ಲಿದ್ದಾಗ, ಶಿವಮೊಗ್ಗದಲ್ಲಿ ಸೋದರಮಾವನ ಅಡಿಕೆ ಮಂಡಿಗೆ ಬರೆದುಕೊಟ್ಟ ಪ್ರೋಗ್ರಾಂ ಅದು. ಬರೆದದ್ದು ಪಿಎಚ್‌ಪಿ ಭಾಷೆಯಲ್ಲಿ, ಲೆಕ್ಕ ಇಡಲು ಮೈಎಸ್‌ಕ್ಯೂಎಲ್ ಡೇಟಾಬೇಸ್. ರೈತರ ಹೆಸರು, ಊರು, ಅಡಿಕೆಯ ದರ್ಜೆಗಳಾದ ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು, ಮುಂಗಡ ಕಳೆದು ಬಾಕಿ ಎಷ್ಟು. ಇಷ್ಟೇ ಕೆಲಸ.

ಕೋಡ್ ಎಲ್ಲಾ ಒಂದೇ ಫೈಲ್‌ನಲ್ಲಿದೆ. ವೇರಿಯಬಲ್‌ಗಳ ಹೆಸರು ಎ1, ಎ2, ಎ3. ಇದಕ್ಕೆ ನನಗೆ ಅಷ್ಟೇನೂ ನಾಚಿಕೆ ಆಗಲಿಲ್ಲ. ಕಲಿಯುವಾಗ ಹಾಗೇ ಅಲ್ವಾ? ನಾಚಿಕೆ ಆಗಿದ್ದು ಸಾಲು ಸಾಲಿಗೂ ಇದ್ದ @ ಗುರುತು ನೋಡಿ. ಪಿಎಚ್‌ಪಿಯಲ್ಲಿ ಫಂಕ್ಷನ್ ಹೆಸರಿಗಿಂತ ಮೊದಲು ಅದನ್ನು ಹಾಕಿದರೆ ಎಚ್ಚರಿಕೆಯ ಸಂದೇಶ ತೆರೆ ಮೇಲೆ ಬರುವುದಿಲ್ಲ. ಮಾವನ ಎದುರು ಎರರ್ ಕಾಣಿಸಬಾರದು ಅಂತ ಎಲ್ಲಾ ಕಡೆ ಹಾಕಿಬಿಟ್ಟಿದ್ದೆ. ಸಂದೇಶ ಬರದಿದ್ದರೆ ತಪ್ಪೇ ಇಲ್ಲ ಅಂದುಕೊಂಡಿದ್ದೆ.

ಮೊದಲು ತಪ್ಪು ಹಿಡಿದವರು ಮಂಡಿಯ ಗುಮಾಸ್ತರು. ಅವರು ಕೈಬರಹದ ಖಾತೆ ಪುಸ್ತಕ ಬಿಟ್ಟಿರಲಿಲ್ಲ. ಒಂದು ಸಂಜೆ ಕರೆದು, "ಮಾರಾಯ, ಪುಸ್ತಕದಲ್ಲಿ 12,46,383 ಇದೆ. ನಿನ್ನ ಕಂಪ್ಯೂಟರು 12,46,380 ಅಂತಿದೆ. ಮೂರು ರೂಪಾಯಿ ಎಲ್ಲಿ ಹೋಯ್ತು?" ಅಂದರು. ಕಾರಣ, ನಾನು ಹಣದ ಕಾಲಂಗೆ ಫ್ಲೋಟ್ (ಸಂಖ್ಯೆಯನ್ನು ಅಂದಾಜಾಗಿ ಇಡುವ ಬಗೆ) ಕೊಟ್ಟಿದ್ದೆ. ಮೈಎಸ್‌ಕ್ಯೂಎಲ್ ಫ್ಲೋಟ್‌ನಲ್ಲಿ ಆರು ಅಂಕಿ ಮಾತ್ರ ತೋರಿಸಿ ಉಳಿದದ್ದನ್ನು ದುಂಡು ಮಾಡುತ್ತದೆ. ಲಕ್ಷ ದಾಟಿದ ಬಿಲ್ಲಿನಲ್ಲಿ ಪೈಸೆ ಹೋಗುತ್ತಿತ್ತು, ಹತ್ತು ಲಕ್ಷ ದಾಟಿದರೆ ರೂಪಾಯಿಯೇ ಹೋಗುತ್ತಿತ್ತು. ಅಂಕಿಗಳನ್ನು ಇದ್ದಂತೆಯೇ ಇಡುವ ಡೆಸಿಮಲ್ ಮಾಡಿದ ಮೇಲೆ ಸರಿಹೋಯಿತು.

ಊರಿನ ಹೆಸರಿನ ಕಥೆ ಇನ್ನೂ ಕೆಟ್ಟದ್ದು. ಸಾಗರ, ಸೊರಬ, ಹೊಸನಗರ ಸರಿಯಾಗಿ ಬರುತ್ತಿದ್ದವು. ತೀರ್ಥಹಳ್ಳಿ ಮಾತ್ರ 'ತೀರ್ಥಹ' ಅಂತ ಬಂದು ಮುಂದೆ ಒಂದು ಪ್ರಶ್ನೆ ಚಿಹ್ನೆ. ಊರಿನ ಕಾಲಂಗೆ 20 ಅಂತ ಉದ್ದ ಕೊಟ್ಟಿದ್ದೆ. ಅದು ಲ್ಯಾಟಿನ್1 (ಇಂಗ್ಲಿಷಿನಂಥ ಲಿಪಿಗೆ ಮಾಡಿದ, ಅಕ್ಷರಕ್ಕೆ ಒಂದೇ ಬೈಟ್ ಕೊಡುವ ಪದ್ಧತಿ) ಕಾಲಂ, ಆಗ ಮೈಎಸ್‌ಕ್ಯೂಎಲ್ ತಾನಾಗಿ ಕೊಡುತ್ತಿದ್ದದ್ದೇ ಅದು. ಅಲ್ಲಿ 20 ಅಂದರೆ 20 ಬೈಟ್. ನಾನು ತುಂಬುತ್ತಿದ್ದದ್ದು ಎಲ್ಲಾ ಲಿಪಿಗೂ ಆಗುವ ಯುಟಿಎಫ್-8ರಲ್ಲಿ, ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ತ, ಈಕಾರ, ರ, ವಿರಾಮ (ಒತ್ತಕ್ಷರ ಜೋಡಿಸುವ ಗುರುತು), ಥ, ಹ, ಳ, ಮತ್ತೆ ವಿರಾಮ, ಳ, ಇಕಾರ. ಒಟ್ಟು ಹತ್ತು, ಅಂದರೆ 30 ಬೈಟ್. ಮೊದಲ ಆರು ಸಂಕೇತಕ್ಕೆ 18 ಬೈಟ್ ಆಯಿತು, ಏಳನೆಯದು ಅರ್ಧಕ್ಕೇ ತುಂಡಾಯಿತು. ಹೊಸನಗರ ಸರಿಯಾಗಿ ಆರೇ ಸಂಕೇತ, ಅದಕ್ಕೇ ಬಚಾವಾಗಿತ್ತು.

ಉದ್ದ ಜಾಸ್ತಿಯಾದರೆ ಮೈಎಸ್‌ಕ್ಯೂಎಲ್ ಆಗ ಸುಮ್ನೆ ಕತ್ತರಿಸಿ ಒಂದು ವಾರ್ನಿಂಗ್ ಇಟ್ಟುಕೊಳ್ಳುತ್ತಿತ್ತು. ಕೇಳಿದರೆ ಮಾತ್ರ ಹೇಳುತ್ತಿತ್ತು. ನಾನು ಕೇಳಿರಲಿಲ್ಲ. (2015ರ 5.7 ಆವೃತ್ತಿಯಿಂದ ಹೀಗೆ ಕತ್ತರಿಸದೆ ಎರರ್ ಕೊಡುವುದೇ ರೂಢಿಯಾಯಿತು. ಬಹಳ ಒಳ್ಳೇ ಬದಲಾವಣೆ ಅದು.)

ರಿಪೇರಿಗೆ ಮೊದಲು @ ಎಲ್ಲಾ ತೆಗೆದೆ. ತೆರೆ ತುಂಬಾ ಎಚ್ಚರಿಕೆ ಬಂತು. ಒಂದೊಂದನ್ನೂ ಓದಿ ಸರಿಮಾಡಿದೆ. ಆಮೇಲೆ ಕಾಲಂ ಅನ್ನು ಮೊದಲು ಬೈನರಿಗೆ (ಅಕ್ಷರ ಅಂತ ನೋಡದೆ ಬರೀ ಬೈಟ್ ಇಡುವ ಬಗೆ), ಅಲ್ಲಿಂದ ಯುಟಿಎಫ್-8ಕ್ಕೆ ಬದಲಿಸಿದೆ. ನೇರವಾಗಿ ಬದಲಿಸಿದರೆ ಇರುವ ಅಕ್ಷರವೂ ಕೆಡುತ್ತದೆ, ಬ್ಯಾಕಪ್ ಮೇಲೆ ಮಾಡಿ ನೋಡಿದ್ದರಿಂದ ಗೊತ್ತಾಯಿತು. ಆದರೆ ತುಂಡಾಗಿ ಹೋದ ಅಕ್ಷರ ಡೇಟಾಬೇಸ್‌ನಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಗುಮಾಸ್ತರ ಪುಸ್ತಕದಲ್ಲಿ. ಮೂರು ಸಂಜೆ ಅವರು ಪುಟ ತಿರುಗಿಸುತ್ತಾ ಊರಿನ ಹೆಸರು ಓದಿದರು, ನಾನು ಪಕ್ಕದಲ್ಲಿ ಕೂತು ಒಂದೊಂದಾಗಿ ಟೈಪ್ ಮಾಡಿದೆ.